ಮೋಟಾರಿನ ದಾಹ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಯಂತ್ರವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನನ್ನ ವ್ಯಾಸಂಗದ ವಿಷಯಗಳು. ಯಂತ್ರಶಾಸ್ತ್ರವನ್ನು ನಾನು ಯಾವ ತರಗತಿಯಲ್ಲಿಯೂ ಕಲಿತವನಲ್ಲ. ಆದರೆ ನಮ್ಮ ತಂದೆಯವರು ಹೊಸಪೇಟೆಯಲ್ಲಿ ಬಾಡಿಗೆ ಕಾರು ನಡೆಸುವವರು. ನಮ್ಮ ಮನೆಯ ಒಲೆ ಉರಿಯುವುದೂ ನಾನು ಕಾಲೇಜಿಗೆ ಬರುವುದೂ ಆ ಕಾರಿನ ಚಕ್ರಗಳು ತಿರುಗುವುದರಿಂದಲೇ. ಆ ಚಕ್ರಗಳು ಒಮ್ಮೆ ನಿಂತುಹೋದವು. ಏಕೆ ನಿಂತವು ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿ ನಾನು ತಿಳಿದುಕೊಂಡ ಸಂಗತಿಗಳನ್ನು ಸಹಪಾಠಿಗಳ ಮತ್ತು ಪೂಜ್ಯ ಅಧ್ಯಾಪಕರ ಮುಂದಿಡುವುದು ಈ ಲೇಖನದ ಉದ್ದೇಶ. ಇಂದು ನಮ್ಮಲ್ಲಿ ಹಲವರ ಮನೆಯಲ್ಲಿ ಕಾರೋ ಲಾರಿಯೋ ಟ್ರ್ಯಾಕ್ಟರೋ ಇರುವುದರಿಂದ ಇದು ಕೇವಲ ನನ್ನೊಬ್ಬನ ಮನೆಯ ಕಥೆಯಾಗಲಾರದೆಂದು ನಂಬಿದ್ದೇನೆ.

ಎರಡು ವರ್ಷಗಳ ಹಿಂದಿನ ಮೇ ತಿಂಗಳು. ಕಂಪ್ಲಿಯ ಒಂದು ಕುಟುಂಬದವರು ಹರಕೆ ತೀರಿಸಲು ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ನಮ್ಮ ಕಾರನ್ನು ಗೊತ್ತುಮಾಡಿದ್ದರು. ಕಾಲೇಜಿಗೆ ರಜೆಯಿದ್ದುದರಿಂದ ನಾನೂ ತಂದೆಯವರ ಪಕ್ಕದಲ್ಲಿ ಕುಳಿತೆ. ಬೆಳಿಗ್ಗೆ ಕಂಪ್ಲಿಗೆ ಹೋಗಿ ಅವರನ್ನು ಹತ್ತಿಸಿಕೊಂಡು, ಹೊಸಪೇಟೆಗೆ ಮರಳಿ, ಸಂಡೂರನ್ನು ದಾಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಕಾರಿನ ತುಂಬ ಜನ, ಒಳಗೆ ಏ.ಸಿ. ಯಂತ್ರ ನಡೆಯುತ್ತಿತ್ತು. ಬೆಟ್ಟದ ಏರು ಆರಂಭವಾದಾಗ ಉಷ್ಣವನ್ನು ತೋರಿಸುವ ಮುಳ್ಳು ಮೆಲ್ಲಮೆಲ್ಲನೆ ಕೆಂಪು ಗೆರೆಯ ಕಡೆಗೆ ಸರಿಯಿತು. ನಾನು ತೋರಿಸಿದೆ. “ಬಿಸಿಲಿಗೆ ಹಾಗೇ ಬಿಡು” ಎಂದರು ತಂದೆ. ಬಾಡಿಗೆಯವರ ಎದುರಿಗೆ ಕಾರನ್ನು ನಿಲ್ಲಿಸಲು ಅವರಿಗೆ ಸಂಕೋಚ. ಇನ್ನೆರಡು ತಿರುವುಗಳಾದ ಮೇಲೆ ಮುಂದಿನ ಮುಚ್ಚಳದಡಿಯಿಂದ ಬಿಳಿಯ ಹಬೆ ಎದ್ದಿತು. ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು. ಕಂಪ್ಲಿಯವರನ್ನು ಬೇರೊಂದು ವಾಹನದಲ್ಲಿ ಕಳುಹಿಸಿದೆವು. ಬಾಡಿಗೆಯ ಹಣವನ್ನು ತಂದೆಯವರು ತೆಗೆದುಕೊಳ್ಳಲಿಲ್ಲ.

ಯಂತ್ರದ ತಲೆಯ ಭಾಗ ಬಾಗಿತ್ತು. ಅದಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಸುಟ್ಟಿತ್ತು. ರಿಪೇರಿಗೆ ಮೂವತ್ತೆಂಟು ಸಾವಿರ ರೂಪಾಯಿ ಆಯಿತು. ಅದು ನನ್ನ ತಂಗಿಯನ್ನು ಪಿ.ಯು. ವಿಜ್ಞಾನಕ್ಕೆ ಸೇರಿಸಲೆಂದು ಕೂಡಿಟ್ಟ ಹಣ. ಆ ವರ್ಷ ಅವಳು ಕಲಾ ವಿಭಾಗಕ್ಕೆ ಸೇರಿದಳು. ಕಲಾ ವಿಭಾಗ ಕೀಳೆಂದು ನಾನು ಹೇಳಲಾರೆ, ನಾನೂ ಅದರಲ್ಲಿಯೇ ಓದುವವನು. ಆದರೆ ನಾನು ಅದನ್ನು ಆರಿಸಿಕೊಂಡೆ; ಅವಳಿಗೆ ಅದು ಒದಗಿಬಂದಿತು. ಇವೆರಡಕ್ಕೂ ಅಂತರವುಂಟು.

ಈಗ ವಿಷಯಕ್ಕೆ ಬರೋಣ. ಕಾರಿಗೆ ದಾಹವೇಕೆ?

ಪೆಟ್ರೋಲು ಅಥವಾ ಡೀಸೆಲು ಯಂತ್ರದೊಳಗೆ ಉರಿದಾಗ ಹುಟ್ಟುವ ಶಾಖವೆಲ್ಲ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸವಾಗುತ್ತದೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಹೋಗುತ್ತದೆ. ಉಳಿದ ಪಾಲು ಯಂತ್ರದ ಲೋಹವನ್ನು ಕಾಯಿಸುತ್ತದೆ. ಸಿಲಿಂಡರಿನ ಒಳಗಿನ ಜ್ವಾಲೆಯ ಉಷ್ಣತೆ ಕ್ಷಣಕಾಲ ೨೦೦೦ ಡಿಗ್ರಿ ಸೆಲ್ಸಿಯಸನ್ನೂ ಮೀರುತ್ತದೆ. ಇಂದಿನ ಯಂತ್ರಗಳ ತಲೆಭಾಗವನ್ನು ಎರಕ ಹೊಯ್ಯುವ ಅಲ್ಯೂಮಿನಿಯಮ್ ಲೋಹವಾದರೋ ೬೬೦ ಡಿಗ್ರಿಗೆ ಕರಗುತ್ತದೆ. ಹೀಗಿರುವಲ್ಲಿ, ಲೋಹವನ್ನು ಕಾಯಿಸುವ ಆ ಮೂರನೆಯ ಪಾಲನ್ನು ಕ್ಷಣಕ್ಷಣವೂ ಹೊತ್ತು ಹೊರಗೆ ಹಾಕುವವರು ಯಾರಾದರೂ ಬೇಕು. ಆ ಕೂಲಿಯಾಳೇ ಶೀತಕ ದ್ರವ, ಅಂದರೆ ಕೂಲೆಂಟ್.

ಈ ವ್ಯವಸ್ಥೆಯನ್ನು ಅರಿಯಲು ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ಕಾಲುವೆಗಳ ನಡುವೆ ಬೆಳೆದವರು ನಾವು. ವಿಜಯನಗರದ ಅರಸರ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅಣೆಕಟ್ಟು, ತೂಬು, ಕಾಲುವೆ, ಗದ್ದೆ, ಇವು ನಮಗೆ ಹೊಸವಲ್ಲ. ಕಾರಿನಲ್ಲಿಯೂ ಹಾಗೆಯೇ. ಯಂತ್ರದ ಲೋಹದೊಳಗೆ ಸಿಲಿಂಡರುಗಳ ಸುತ್ತಲೂ ಸಣ್ಣ ಕಾಲುವೆಗಳಿವೆ. ಪಂಪು ದ್ರವವನ್ನು ಅವುಗಳಲ್ಲಿ ಹರಿಸುತ್ತದೆ. ಕಾದ ದ್ರವ ರಬ್ಬರಿನ ಕೊಳವೆಯ ಮೂಲಕ ಕಾರಿನ ಮುಂಭಾಗದ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರು ಎಂದರೆ ಕೂದಲೆಳೆಯಷ್ಟು ತೆಳುವಾದ ಲೋಹದ ಎಲೆಗಳನ್ನು ಅಂಟಿಸಿದ ಅನೇಕ ಕಿರುಗೊಳವೆಗಳ ಚೌಕಟ್ಟು. ದ್ರವ ಕಿರುಗೊಳವೆಗಳಲ್ಲಿ ಇಳಿಯುವಾಗ ಎದುರುಗಾಳಿಯೂ ಫ್ಯಾನಿನ ಗಾಳಿಯೂ ಅದರ ಶಾಖವನ್ನು ಸೆಳೆದುಕೊಳ್ಳುತ್ತವೆ. ತಂಪಾದ ದ್ರವ ಮತ್ತೆ ಪಂಪಿಗೆ ಬರುತ್ತದೆ. ಕಾಲುವೆಯ ನೀರು ಗದ್ದೆಯಲ್ಲಿ ಮುಗಿಯುತ್ತದೆ, ಇದು ಮಾತ್ರ ಮುಗಿಯದೆ ಸುತ್ತುತ್ತಲೇ ಇರುತ್ತದೆ.

ಮೋಟಾರಿನ ಇತಿಹಾಸದಲ್ಲಿ ಇದು ಹಂತಹಂತವಾಗಿ ಬೆಳೆದ ವಿದ್ಯೆ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬಿಸುತ್ತ ಸಾಗಬೇಕಾಗಿತ್ತು. ಸುಮಾರು ೧೯೦೦ರಲ್ಲಿ ವಿಲ್ಹೆಲ್ಮ್ ಮೈಬಾಕ್ ಎಂಬ ಎಂಜಿನಿಯರು ಜೇನುಗೂಡಿನಂತಹ ರೇಡಿಯೇಟರನ್ನು ರೂಪಿಸಿದ ಮೇಲೆ ಅದೇ ನೀರನ್ನು ಮತ್ತೆ ಮತ್ತೆ ಬಳಸುವುದು ಸುಲಭವಾಯಿತು. ನಮ್ಮ ದೇಶದಲ್ಲಿ ೨೦೧೪ರವರೆಗೂ ತಯಾರಾಗುತ್ತಿದ್ದ ಅಂಬಾಸಡರ್ ಕಾರುಗಳ ಚಾಲಕರು ಡಬ್ಬಿಯಲ್ಲಿ ನೀರು ಇಟ್ಟುಕೊಂಡೇ ಹೊರಡುತ್ತಿದ್ದರೆಂದು ಹಿರಿಯರು ನೆನೆಯುತ್ತಾರೆ. ನಮ್ಮ ತಂದೆಯವರು ಚಾಲನೆ ಕಲಿತದ್ದು ಅಂತಹ ಹಿರಿಯರ ಕೈಕೆಳಗೆ. “ಕಾರಿಗೆ ನೀರು ಸಾಕು” ಎಂಬ ನಂಬಿಕೆ ಅಲ್ಲಿಂದ ಬಂದುದು.

ಈ ಕಾಲುವೆಗೆ ಒಂದು ತೂಬೂ ಇದೆ. ಅದೇ ಥರ್ಮೋಸ್ಟಾಟ್. ಯಂತ್ರ ತಣ್ಣಗಿರುವಾಗ ಇದು ಮುಚ್ಚಿಕೊಂಡು ದ್ರವವನ್ನು ಯಂತ್ರದೊಳಗೇ ಸುತ್ತಿಸುತ್ತದೆ. ಉಷ್ಣತೆ ಸಾಮಾನ್ಯವಾಗಿ ೮೨ರಿಂದ ೯೦ ಡಿಗ್ರಿಯ ಆಸುಪಾಸಿಗೆ ಏರಿದಾಗ ಅದರೊಳಗಿನ ಮೇಣ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ನಮ್ಮ ಕಡೆಯ ಕೆಲವು ಕಾರ್ಖಾನೆಗಳಲ್ಲಿ “ಬಿಸಿಲೂರಿನಲ್ಲಿ ಇದೇಕೆ?” ಎಂದು ಅದನ್ನು ಕಿತ್ತು ಎಸೆಯುವ ರೂಢಿಯುಂಟು. ನಮ್ಮ ಕಾರಿನದನ್ನೂ ಒಬ್ಬರು ಹಾಗೆ ಕಿತ್ತಿದ್ದರು. ಇದು ತಪ್ಪು. ಯಂತ್ರ ತೀರ ತಣ್ಣಗಿದ್ದರೂ ಕೆಡುಕು: ಇಂಧನ ಹೆಚ್ಚು ವ್ಯಯವಾಗುತ್ತದೆ, ಎಣ್ಣೆ ಬೇಗ ಕೆಡುತ್ತದೆ, ಭಾಗಗಳು ಸವೆಯುತ್ತವೆ. ಅಷ್ಟೇ ಅಲ್ಲ, ಕೆಲವು ಯಂತ್ರಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಅಡ್ಡದಾರಿಯ ಕಿರುಗಾಲುವೆ ಮುಚ್ಚಿಕೊಳ್ಳುವ ಏರ್ಪಾಡಿರುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದಿದ್ದು, ದ್ರವದ ಒಂದು ಭಾಗ ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತದೆ. ಏರು ರಸ್ತೆಯಲ್ಲಿ ಕಾರು ಇನ್ನೂ ಹೆಚ್ಚು ಕಾಯುತ್ತದೆ. ತೂಬಿನ ಬೆಲೆ ಏನೆಂಬುದನ್ನು ಹೊಸಪೇಟೆಯವರಿಗೆ ಹೇಳಬೇಕಾಗಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಕ್ರೆಸ್ಟ್ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯ ಕಣ್ಣೆದುರೇ ಹರಿದುಹೋಗುತ್ತಿದ್ದುದನ್ನು ಕಂಡವರು ನಾವು.

ರೇಡಿಯೇಟರಿನ ಅಥವಾ ದ್ರವದ ತೊಟ್ಟಿಯ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿಗೆ ಕುದಿಯುತ್ತದೆ. ಸುಮಾರು ೩೦೦ ಮೀಟರು ಎತ್ತರಕ್ಕೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಬೆಟ್ಟ ಹತ್ತಿದಷ್ಟೂ ನೀರು ಬೇಗ ಕುದಿಯುತ್ತದೆಂದು ಅರ್ಥ. ಆದರೆ ಒತ್ತಡ ಹೆಚ್ಚಿದರೆ ಈ ಬಿಂದು ಮೇಲೇರುತ್ತದೆ. ಮನೆಯ ಕುಕ್ಕರಿನ ತತ್ತ್ವವೂ ಇದೇ. ಕಾರಿನ ಮುಚ್ಚಳದಲ್ಲಿರುವ ಸ್ಪ್ರಿಂಗು ಸುಮಾರು ಒಂದು ವಾತಾವರಣದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ. ಆಗ ಬರಿಯ ನೀರು ಸಹ ಸುಮಾರು ೧೨೦ ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರು ಬಿರಿದರೆ ಈ ರಕ್ಷಣೆಯೆಲ್ಲ ಹೋಯಿತು. ಕಾದ ಯಂತ್ರದ ಮುಚ್ಚಳವನ್ನು ತೆರೆಯಬಾರದು ಎಂಬುದಕ್ಕೂ ಇದೇ ಕಾರಣ: ಒತ್ತಡ ಒಮ್ಮೆಲೇ ಇಳಿದು, ಅದುವರೆಗೆ ಸುಮ್ಮನಿದ್ದ ದ್ರವ ಕ್ಷಣಾರ್ಧದಲ್ಲಿ ಹಬೆಯಾಗಿ ಮುಖಕ್ಕೆ ಎರಚುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಕೂಲೆಂಟ್ ಎಂದರೇನು? ಬಹುಮಟ್ಟಿಗೆ ಅದು ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ, ನೀರು, ಮತ್ತು ತುಕ್ಕನ್ನು ತಡೆಯುವ ಕೆಲವು ಲವಣಗಳ ಮಿಶ್ರಣ. ಹಿಮ ಬೀಳುವ ದೇಶಗಳಲ್ಲಿ ಯಂತ್ರದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಲೋಹವನ್ನೇ ಸೀಳದಂತೆ ತಡೆಯಲು ೧೯೨೦ರ ದಶಕದಲ್ಲಿ ಗ್ಲೈಕಾಲಿನ ಬಳಕೆ ಹರಡಿತು. ಸಮಪಾಲು ಮಿಶ್ರಣ ಸೊನ್ನೆಗಿಂತ ೩೭ ಡಿಗ್ರಿ ಕೆಳಗಿನವರೆಗೆ ಗಟ್ಟಿಯಾಗುವುದಿಲ್ಲ. ಬೇಸಿಗೆಯಲ್ಲಿ ೪೦ ಡಿಗ್ರಿ ಮುಟ್ಟುವ ಹೊಸಪೇಟೆಗೆ ಇದರಿಂದೇನು ಪ್ರಯೋಜನವೆಂದು ನಾನೂ ಮೊದಲು ನಕ್ಕಿದ್ದೆ. ಪ್ರಯೋಜನ ಎರಡು ಬಗೆ. ಮೊದಲನೆಯದು, ಅದೇ ಮಿಶ್ರಣ ಮುಚ್ಚಳದ ಒತ್ತಡದಲ್ಲಿ ೧೩೦ ಡಿಗ್ರಿಯ ಸಮೀಪದವರೆಗೆ ಕುದಿಯುವುದಿಲ್ಲ. ಬರಿಯ ನೀರಿಗಿಂತ ಹತ್ತು ಡಿಗ್ರಿಯಷ್ಟು ಹೆಚ್ಚಿನ ಆಸರೆ ದೊರೆಯಿತು. ಎರಡನೆಯದು, ಮತ್ತು ನಮ್ಮ ಊರಿಗೆ ಬಹು ಮುಖ್ಯವಾದದ್ದು, ತುಕ್ಕಿನಿಂದ ರಕ್ಷಣೆ.

ಯಂತ್ರದೊಳಗೆ ಎರಕದ ಕಬ್ಬಿಣ, ಅಲ್ಯೂಮಿನಿಯಮ್, ತಾಮ್ರ, ಬೆಸುಗೆ ಮುಂತಾಗಿ ಬಗೆಬಗೆಯ ಲೋಹಗಳಿವೆ. ಬಿಸಿ ನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಬ್ಯಾಟರಿಯಲ್ಲಿ ನಡೆಯುವಂತಹ ಕ್ರಿಯೆ ನಡೆದು ಒಂದು ಲೋಹ ಸವೆಯುತ್ತದೆ. ನೀರಿನಲ್ಲಿ ಲವಣವಿದ್ದಷ್ಟೂ ಈ ಕ್ರಿಯೆ ಚುರುಕು. ನಮ್ಮ ಮನೆಯ ಕೊಳವೆಬಾವಿಯ ನೀರನ್ನು ಕಾಯಿಸುವ ಹಂಡೆಯೊಳಗೆ ಬಿಳಿಯ ಕರಟ ಕಟ್ಟುವುದನ್ನು ಬಾಲ್ಯದಿಂದ ನೋಡಿದ್ದೇನೆ. ಯುಗಾದಿಗೆ ಮುನ್ನ ತಾಯಿಯವರು ಅದನ್ನು ಕಲ್ಲಿನಿಂದ ಉಜ್ಜಿ ತೆಗೆಯುತ್ತಾರೆ. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಕಾದಾಗ ಕರಗದ ರೂಪ ತಾಳಿ ಲೋಹಕ್ಕೆ ಅಂಟಿಕೊಳ್ಳುವುದೇ ಈ ಕರಟ. ಅದೇ ನೀರನ್ನು ವರ್ಷಗಟ್ಟಲೆ ಕಾರಿಗೆ ಹಾಕಿದ್ದೆವು. ಕಾರಿನ ಒಳಗನ್ನು ಉಜ್ಜುವವರಾರು? ಲೋಹಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖವನ್ನು ಸಾಗಿಸುವ ಈ ಪದರ, ಯಂತ್ರಕ್ಕೆ ಕಂಬಳಿ ಹೊದಿಸಿದಂತೆ. ಕಿರುಗೊಳವೆಗಳಲ್ಲಿ ಅದು ಹೂಳಿನಂತೆ ತುಂಬಿ ದಾರಿ ಕಟ್ಟುತ್ತದೆ. ನಮ್ಮ ರೇಡಿಯೇಟರನ್ನು ಬಿಚ್ಚಿದಾಗ ಅರ್ಧದಷ್ಟು ಕೊಳವೆಗಳು ಹೀಗೆ ಮುಚ್ಚಿದ್ದವು. ಬೆಟ್ಟದಲ್ಲಿ ಕಾರು ನಿಂತದ್ದು ಆ ದಿನದ ಬಿಸಿಲಿನಿಂದಲ್ಲ. ಆ ಬಿಸಿಲು ಹಲವು ವರ್ಷಗಳ ಲೆಕ್ಕವನ್ನು ಒಂದೇ ದಿನ ಓದಿ ಹೇಳಿತು, ಅಷ್ಟೆ.

ಹಾಗಾದರೆ ಗ್ಲೈಕಾಲನ್ನೇ ತುಂಬಿದರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವ ದ್ರವಗಳು ಬಹು ವಿರಳ. ಸಮಪಾಲು ಮಿಶ್ರಣ ಅಷ್ಟೇ ತೂಕದ ನೀರು ಹೊರುವ ಶಾಖದ ಐದರಲ್ಲಿ ನಾಲ್ಕು ಪಾಲನ್ನು ಹೊರುತ್ತದೆ. ಬರಿಯ ಗ್ಲೈಕಾಲು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ, ಅಲ್ಲದೆ ಅದು ಮಂದವಾಗಿದ್ದು ಸರಾಗವಾಗಿ ಹರಿಯುವುದಿಲ್ಲ. ಒಟ್ಟಿನಲ್ಲಿ, ನೀರು ಹೊರೆ ಹೊರುವ ಆಳು; ಗ್ಲೈಕಾಲು ಮತ್ತು ಲವಣಗಳು ಅವನು ಮನೆಯನ್ನು ಕೆಡಿಸದಂತೆ ನೋಡಿಕೊಳ್ಳುವ ಕಾವಲುಗಾರರು. ಇಬ್ಬರೂ ಬೇಕು. ನೂರರಲ್ಲಿ ೫೦ ಪಾಲು ಗ್ಲೈಕಾಲಿನ ಸಾರ, ೫೦ ಪಾಲು ಶುದ್ಧ ನೀರು ಎಂಬುದು ಹೆಚ್ಚಿನ ಕಾರುಗಳಿಗೆ ಹೇಳಿರುವ ಪ್ರಮಾಣ. ಹಿಮದ ಭಯವಿಲ್ಲದ ಊರುಗಳಿಗೆ ೩೦ ಪಾಲು ಸಾರ ಸಾಕೆಂದು ಕೆಲವು ತಯಾರಕರ ಕೈಪಿಡಿಗಳು ಹೇಳುತ್ತವೆ. ಕಾರಿನ ಕೈಪಿಡಿಯ ಮಾತೇ ಅಂತಿಮ. ಆದರೆ ೩೦ಕ್ಕಿಂತ ಕೆಳಗಿಳಿದರೆ ತುಕ್ಕನ್ನು ತಡೆಯುವ ಶಕ್ತಿ ಸೊರಗುತ್ತದೆ, ೬೦ನ್ನು ದಾಟಿದರೆ ತಂಪು ಮಾಡುವ ಶಕ್ತಿ ಕುಗ್ಗುತ್ತದೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ಒಂದು ಸರಳ ಲೆಕ್ಕ. ವ್ಯವಸ್ಥೆಯಲ್ಲಿ ೬ ಲೀಟರು ದ್ರವ ಹಿಡಿಯುತ್ತದೆನ್ನೋಣ. ೩ ಲೀಟರು ಸಾರ, ೩ ಲೀಟರು ನೀರು ಹಾಕಿದೆವು. ಸಣ್ಣ ಸೋರುವಿಕೆಯಿಂದ ೨ ಲೀಟರು ಮಿಶ್ರಣ ಹೋಯಿತು. ಆ ಜಾಗಕ್ಕೆ ೨ ಲೀಟರು ಬರಿಯ ನೀರು ಸುರಿದೆವು. ಈಗ ಒಳಗಿರುವ ಸಾರ ೨ ಲೀಟರು, ಅಂದರೆ ನೂರಕ್ಕೆ ೩೩. ಇನ್ನೊಮ್ಮೆ ಹೀಗೆಯೇ ಆದರೆ ನೂರಕ್ಕೆ ೨೨. ಮೂರನೆಯ ಬಾರಿಗೆ ನೂರಕ್ಕೆ ೧೫. ತೊಟ್ಟಿ ಮಾತ್ರ ಪ್ರತಿಸಲವೂ ತುಂಬಿಯೇ ಕಾಣುತ್ತದೆ. ಬಣ್ಣವೂ ತುಸು ಉಳಿದಿರುತ್ತದೆ. ನಮ್ಮ ತಂದೆಯವರು ಎಂದೂ ತೊಟ್ಟಿಯನ್ನು ಬರಿದು ಬಿಟ್ಟವರಲ್ಲ. ಪ್ರತಿ ಬೆಳಿಗ್ಗೆ ನೋಡಿ ಬಾಟಲಿಯಿಂದ ನೀರು ಹಾಕುತ್ತಿದ್ದರು. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಆ ಶ್ರದ್ಧೆಯೇ ಕಾರನ್ನು ಕೆಡಿಸಿತು. ಪದೇ ಪದೇ ನೀರು ಬೇಕಾಗುತ್ತಿದೆಯೆಂದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ತುಂಬಿಸುವ ಮೊದಲು ಸೋರುವಿಕೆಯನ್ನು ಹುಡುಕಬೇಕು.

ಯಾವ ನೀರು? ಬ್ಯಾಟರಿಗೆ ಹಾಕುವ, ಲವಣ ತೆಗೆದ ಶುದ್ಧ ನೀರು ಉತ್ತಮ. ಅದು ಪೆಟ್ರೋಲ್ ಬಂಕುಗಳಲ್ಲಿಯೂ ಬಿಡಿಭಾಗಗಳ ಅಂಗಡಿಗಳಲ್ಲಿಯೂ ದೊರೆಯುತ್ತದೆ. ನಮ್ಮ ಹಳ್ಳಿಗಳ ಕುಡಿಯುವ ನೀರಿನ ಘಟಕದ ನೀರು ಕೊಳವೆಬಾವಿಯ ನೀರಿಗಿಂತ ಎಷ್ಟೋ ಮೇಲು. ಆದರೂ ಅದರಲ್ಲಿ ಸ್ವಲ್ಪ ಲವಣ ಉಳಿದಿರುವುದರಿಂದ ಆಪತ್ತಿಗೆ ಮಾತ್ರ ಸರಿ. ಕಾಯಿಸಿ ಆರಿಸಿದ ನೀರು ಶುದ್ಧ ನೀರಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಲವಣವೆಲ್ಲ ಹೋಗುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಅದು ನೀರು ಬೆರೆಸಬೇಕಾದ ಸಾರವೋ, ಈಗಾಗಲೇ ಬೆರೆಸಿ ಸಿದ್ಧಪಡಿಸಿದ ದ್ರವವೋ ಎಂಬುದನ್ನು ಡಬ್ಬಿಯ ಮೇಲೆ ಓದಬೇಕು. ಸಿದ್ಧ ದ್ರವಕ್ಕೆ ಮತ್ತೆ ಸಮ ನೀರು ಬೆರೆಸಿದರೆ ೫೦ರ ಪಾಲು ೨೫ಕ್ಕೆ ಇಳಿಯುತ್ತದೆ. ಎರಡು, ಬಣ್ಣವನ್ನು ನಂಬಬಾರದು. ಹಸಿರು, ಕೆಂಪು, ನೀಲಿ, ಕಿತ್ತಳೆ ಇವು ತಯಾರಕರು ಸೇರಿಸಿದ ಬಣ್ಣಗಳಷ್ಟೆ. ಎಲ್ಲರಿಗೂ ಒಂದೇ ನಿಯಮವಿಲ್ಲ. ಮುಖ್ಯವಾದುದು ಒಳಗಿನ ತುಕ್ಕುನಿರೋಧಕದ ಜಾತಿ. ಸಿಲಿಕೇಟಿನಂತಹ ಲವಣಗಳನ್ನು ಬಳಸುವ ಹಳೆಯ ಬಗೆ ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ಸಾವಯವ ಆಮ್ಲಗಳ ಹೊಸ ಬಗೆ ಐದು ವರ್ಷದವರೆಗೂ ಬಾಳಬಹುದು. ಎರಡನ್ನೂ ಬೆರೆಸಿದರೆ ಆಯುಸ್ಸು ಕುಗ್ಗುತ್ತದೆ, ಕೆಲವೊಮ್ಮೆ ಗಸಿಯೂ ಕಟ್ಟುತ್ತದೆ. ಮೂರು, ಭಾರತೀಯ ಮಾನಕ ಐ.ಎಸ್. ೫೭೫೯ ಅಥವಾ ಕಾರಿನ ತಯಾರಕರು ಸೂಚಿಸಿದ ಮಾನಕದ ಉಲ್ಲೇಖ ಡಬ್ಬಿಯ ಮೇಲಿದೆಯೇ ಎಂದು ನೋಡಬೇಕು. ಬಣ್ಣ ಹಾಕಿದ ನೀರನ್ನು ಅಗ್ಗಕ್ಕೆ ಮಾರುವವರೂ ಉಂಟು.

ಪಾಲನೆಯ ವಿಷಯದಲ್ಲಿ ನಮ್ಮ ನಾಲ್ಕು ಊರುಗಳಿಗೂ ತಮ್ಮ ತಮ್ಮ ಪಾಠವಿದೆ. ಸಂಡೂರಿನ ಕಡೆ ಓಡಾಡುವ ಕಾರಿನ ರೇಡಿಯೇಟರಿಗೆ ಅದಿರಿನ ಕೆಂಪು ದೂಳು ಮೆತ್ತಿಕೊಳ್ಳುತ್ತದೆ. ಎಲೆಗಳ ಸಂದಿಯಲ್ಲಿ ಗಾಳಿ ನುಸುಳದಂತಾಗುತ್ತದೆ. ಕಂಪ್ಲಿಯ ಸುತ್ತ ಭತ್ತದ ಸುಗ್ಗಿಯಲ್ಲಿ ಹೊಟ್ಟು, ಹುಲ್ಲಿನ ಚೂರು, ಹುಳುಗಳು ಬಂದು ಸೇರುತ್ತವೆ. ಇವನ್ನು ಯಂತ್ರ ತಣ್ಣಗಿರುವಾಗ ಒಳಗಿನಿಂದ ಹೊರಮುಖವಾಗಿ ಮೆಲುವಾದ ನೀರಿನ ಧಾರೆಯಿಂದ ತೊಳೆಯಬೇಕು; ರಭಸದ ಧಾರೆ ಹಿಡಿದರೆ ತೆಳು ಎಲೆಗಳು ಮಡಚಿಹೋಗುತ್ತವೆ. ಹಂಪಿಯಲ್ಲಿ ಪ್ರವಾಸಿಗಳಿಗಾಗಿ ಏ.ಸಿ. ಹಾಕಿಕೊಂಡು ನಿಂತಲ್ಲಿಯೇ ಯಂತ್ರ ನಡೆಸುವ ಪ್ರಸಂಗ ಹೆಚ್ಚು. ಆಗ ಎದುರುಗಾಳಿಯಿಲ್ಲ, ಫ್ಯಾನು ಒಂದೇ ಗತಿ. ಆದುದರಿಂದ ಕಾರು ಕಾದಾಗ ಫ್ಯಾನು ತಾನಾಗಿ ತಿರುಗುವುದೇ ಎಂದು ಆಗಾಗ ಪರೀಕ್ಷಿಸಬೇಕು. ಹೊಸಪೇಟೆಯಲ್ಲಿ ಮನೆಯ ಮುಂದೆ ನಿಂತ ಕಾರಿಗೆ ಬೆಳಗಿನ ಪರೀಕ್ಷೆ: ಯಂತ್ರ ತಣ್ಣಗಿರುವಾಗ ದ್ರವದ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ, ಕಾರಿನಡಿಯಲ್ಲಿ ನೆಲ ಒದ್ದೆಯಾಗಿದೆಯೇ, ರಬ್ಬರು ಕೊಳವೆಗಳು ಉಬ್ಬಿವೆಯೇ, ಬಿರಿದಿವೆಯೇ, ದ್ರವ ಕಂದು ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುವುದು. ಇದಕ್ಕೆ ಐದು ನಿಮಿಷ ಸಾಕು. ದ್ರವದಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅಥವಾ ಯಂತ್ರದ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಗ್ಯಾಸ್ಕೆಟ್ ಕೆಟ್ಟಿರಬಹುದು; ಕೂಡಲೇ ಕೆಲಸಗಾರನಿಗೆ ತೋರಿಸಬೇಕು.

ಅವಧಿ ಮುಗಿದ ದ್ರವವನ್ನು ಬದಲಿಸುವಾಗ, ತಣ್ಣಗಿರುವ ಯಂತ್ರದಿಂದ ಹಳೆಯದನ್ನು ಪಾತ್ರೆಗೆ ಬಸಿದುಕೊಂಡು, ಶುದ್ಧ ನೀರು ತುಂಬಿ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಆರಿಸಿ, ಮತ್ತೆ ಬಸಿಯಬೇಕು. ನೀರು ತಿಳಿಯಾಗುವವರೆಗೆ ಹೀಗೆ ಮಾಡಬೇಕು. ತೊಳೆದ ನೀರು ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಆದುದರಿಂದ ಮೊದಲು ಲೆಕ್ಕದಂತೆ ಸಾರವನ್ನು ಅಳೆದು ಹಾಕಿ, ಆ ಮೇಲೆ ಶುದ್ಧ ನೀರಿನಿಂದ ಭರ್ತಿಮಾಡುವುದು ಜಾಣತನ. ತುಂಬಿದ ಮೇಲೆ ಹೀಟರನ್ನು ಬಿಸಿಯ ಕಡೆಗಿಟ್ಟು ಯಂತ್ರ ನಡೆಸಿ, ಕೈಪಿಡಿ ಹೇಳಿದಂತೆ ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಬೇಕು. ಗಾಳಿಯ ಗುಳ್ಳೆ ನಿಂತ ಕಡೆ ದ್ರವವಿರದೆ ಲೋಹ ಸುಡುತ್ತದೆ. ಮರುದಿನ ಬೆಳಿಗ್ಗೆ ಮಟ್ಟವನ್ನು ಮತ್ತೊಮ್ಮೆ ನೋಡತಕ್ಕದ್ದು.

ದಾರಿಯಲ್ಲಿ ಮುಳ್ಳು ಮೇಲೇರಿದರೆ? ಏ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಬೇಕು. ಒಳಗೆ ಕುಳಿತವರಿಗೆ ಬೇಗೆಯಾದೀತು, ಆದರೆ ಹೀಟರು ಸಹ ಒಂದು ಪುಟ್ಟ ರೇಡಿಯೇಟರೇ. ಮುಳ್ಳು ಇಳಿಯದಿದ್ದರೆ ಕ್ಷೇಮವಾದ ಜಾಗದಲ್ಲಿ ನಿಲ್ಲಿಸಿ ಯಂತ್ರವನ್ನು ಆರಿಸಬೇಕು. ಕನಿಷ್ಠ ಅರ್ಧ ಗಂಟೆ ಕಾಯಬೇಕು. ಮುಟ್ಟಿ ನೋಡಿ ತಣ್ಣಗಾದ ಮೇಲೆಯೇ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲನೆ ಸಡಿಲಿಸಬೇಕು. ಸುಡುವ ಯಂತ್ರಕ್ಕೆ ತಣ್ಣೀರು ಸುರಿದರೆ ಕಾದ ಗಾಜಿಗೆ ನೀರು ಚಿಮುಕಿಸಿದಂತೆ ಲೋಹ ಸೀಳಬಹುದು. ಬೇರೆ ಗತಿಯಿಲ್ಲದಾಗ ಯಾವ ಶುದ್ಧ ನೀರನ್ನಾದರೂ ಹಾಕಿ ಊರು ಸೇರಬಹುದು; ಆದರೆ ಸೇರಿದ ಮೇಲೆ ಅದನ್ನು ಬಸಿದು ಸರಿಯಾದ ಮಿಶ್ರಣ ಹಾಕಲು ಮರೆಯಬಾರದು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಹಂಪಿಯ ಮಗ್ಗುಲಲ್ಲಿರುವ ನಮಗೆ ಒಪ್ಪುವಂತಹುದಲ್ಲ.

ಒಂದು ಎಚ್ಚರಿಕೆಯ ಮಾತು. ಎಥಿಲೀನ್ ಗ್ಲೈಕಾಲು ವಿಷ. ಅದರ ರುಚಿ ಸಿಹಿ. ಮಕ್ಕಳೂ ನಾಯಿ, ದನಕರುಗಳೂ ನೆಕ್ಕುವ ಅಪಾಯವಿದೆ. ಒಳಗೆ ಹೋದರೆ ಮೂತ್ರಪಿಂಡಗಳು ಕೆಟ್ಟು ಪ್ರಾಣವೇ ಹೋಗಬಹುದು. ಹಳೆಯ ದ್ರವವನ್ನು ಬಚ್ಚಲಿಗೋ ಕಾಲುವೆಗೋ ಚೆಲ್ಲದೆ ಮುಚ್ಚಿದ ಡಬ್ಬಿಯಲ್ಲಿಟ್ಟು ಕಾರ್ಖಾನೆಗೆ ಒಪ್ಪಿಸಬೇಕು. ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ಇಡಬಾರದು. ಐದಾರು ಶತಮಾನಗಳಿಂದ ಬಾಳೆ, ಭತ್ತಗಳಿಗೆ ಉಣಿಸುತ್ತ ಬಂದಿರುವ ಕಾಲುವೆಗಳು ನಮ್ಮ ಕಾರಿನ ಕೊಳೆಯನ್ನು ಹೊರಲು ತೋಡಿದವಲ್ಲ.

ಕಡೆಯದಾಗಿ, ಇದನ್ನೆಲ್ಲ ನಾನು ಎಲ್ಲಿ ತಿಳಿದೆನೆಂಬುದನ್ನು ಹೇಳಿ ಮುಗಿಸುತ್ತೇನೆ. ರಿಪೇರಿಗೆ ಬಿಟ್ಟ ಕಾರಿನಿಂದ ಸಾಮಾನುಗಳನ್ನು ಮನೆಗೆ ತಂದಾಗ ಮುಂದಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ಕಾರಿನ ಕೈಪಿಡಿ. ಹಾಳೆಗಳು ಹೊಸ ನೋಟಿನಂತೆ ಗರಿಗರಿಯಾಗಿದ್ದವು. ಯಾರೂ ಅದನ್ನು ತೆರೆದಿರಲಿಲ್ಲ. ನಮ್ಮ ತಂದೆ ನಾಲ್ಕನೆಯ ತರಗತಿಯವರೆಗೆ ಓದಿದವರು, ತಾಯಿ ಶಾಲೆಯನ್ನು ಕಂಡವರಲ್ಲ. ಪುಸ್ತಕ ಇದ್ದುದು ಇಂಗ್ಲಿಷಿನಲ್ಲಿ. ಅದರಲ್ಲಿ ಕೂಲೆಂಟಿನ ಪ್ರಮಾಣ, ಯಾವ ನೀರು, ಎಷ್ಟು ವರ್ಷಕ್ಕೆ ಬದಲಿಸಬೇಕು, ಎಲ್ಲವೂ ಒಂದೇ ಪುಟದಲ್ಲಿ ಅಚ್ಚಾಗಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ಪುಟವನ್ನು ಓದಿದೆ. ತಿಳಿಯದಿದ್ದುದನ್ನು ಪಿ.ಯು. ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಹುಡುಕಿದೆ, ಬಲ್ಲ ಕೆಲಸಗಾರರನ್ನು ಕೇಳಿದೆ. ಮೂವತ್ತೆಂಟು ಸಾವಿರ ರೂಪಾಯಿಯ ಪಾಠ ಅಷ್ಟು ವರ್ಷ ನಮ್ಮ ಮೊಣಕಾಲಿನ ಮುಂದೆಯೇ ಬಿದ್ದಿತ್ತು. ನಾನು ಪಿ.ಯು. ಮುಗಿಸಿ ಕಾಲೇಜು ಸೇರಿದ ಮೇಲೂ ಆ ಪೆಟ್ಟಿಗೆಯನ್ನು ತೆರೆದಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಓದಿದವನೆಂದು ಮನೆಯವರು ನನ್ನನ್ನು ನಂಬಿದ್ದರು. ನಾನು ಪರೀಕ್ಷೆಗೆ ಬೇಕಾದುದನ್ನು ಮಾತ್ರ ಓದಿದ್ದೆ.

ಆ ಪುಟವನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ತಂದೆಯವರಿಗೆ ಕೊಟ್ಟೆ. ಅವರು ಅದನ್ನು ಬೆರಳಿಟ್ಟು ಓದಿ, ಮಡಚಿ, ದೇವರ ಪಟದ ಹಿಂದೆ ಇಟ್ಟರು. ಕಾರಿಗೆ ಈಗ ಹೊಸ ಥರ್ಮೋಸ್ಟಾಟ್ ಇದೆ, ಸಮಪಾಲು ಮಿಶ್ರಣವಿದೆ. ಹಿಂದಿನ ಸೀಟಿನಡಿಯಲ್ಲಿ ಕೊಳವೆಬಾವಿಯ ನೀರಿನ ಬಾಟಲಿಯ ಜಾಗದಲ್ಲಿ ಅದೇ ಮಿಶ್ರಣದ, ಗುರುತು ಬರೆದ ಡಬ್ಬಿಯಿದೆ. ಹೋದ ಬೇಸಿಗೆಯಲ್ಲಿ ಅದೇ ಬೆಟ್ಟವನ್ನು ಹತ್ತಿದೆವು; ಮುಳ್ಳು ನಡುಗೆರೆಯನ್ನು ಬಿಟ್ಟು ಅಲುಗಲಿಲ್ಲ. ನನ್ನ ತಂಗಿ ಹಿಂದಿನ ಸೀಟಿನಲ್ಲಿದ್ದಳು. “ಇದು ರಸಾಯನಶಾಸ್ತ್ರ ಅಲ್ಲವೇ ಅಣ್ಣ?” ಎಂದಳು. ಹೌದು ಎಂದೆ. ಮತ್ತೇನೂ ಹೇಳಲು ತೋಚಲಿಲ್ಲ.

ಸಹಪಾಠಿಗಳೇ, ನಿಮ್ಮ ಮನೆಯಲ್ಲಿಯೂ ಕಾರಿನದೋ ಪಂಪಿನದೋ ಔಷಧಿಯದೋ, ಯಾರೂ ತೆರೆಯದ ಒಂದು ಕೈಪಿಡಿ ಇರಬಹುದು. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಅದನ್ನು ಒಮ್ಮೆ ತೆರೆದು, ಮನೆಯವರಿಗೆ ಓದಿ ಹೇಳಿರಿ. ನಮ್ಮನ್ನು ಕಾಲೇಜಿಗೆ ಕಳುಹಿಸಿದವರಿಗೆ ನಾವು ತೀರಿಸಬಹುದಾದ ಸಾಲದಲ್ಲಿ ಇದೂ ಒಂದು ಕಂತು.